ಆಡು, ರಾಜ್ಮ, ಉಪ್ಪುಸೊಳೆ: ಕಚೇರಿಯ ಅಡುಗೆ ಸ್ಪರ್ಧೆಗೆ ಯಾವ ಚಿಲಿ?

ಚಿಲಿ ಎಂದ ಕೂಡಲೇ ಕಾಸರಗೋಡಿನ ಕಚೇರಿಗಳಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸೋಯಾ ಸಾಸ್ ಹಾಕಿದ ಚಿಲ್ಲಿ ಚಿಕನ್. ಇಲ್ಲಿನ ವಿಷಯ ಅದಲ್ಲ. ಒಣಮೆಣಸನ್ನು ನೆನೆಸಿ ಅರೆದು, ಆ ಮಸಾಲೆಯಲ್ಲೇ ಮಾಂಸವನ್ನು ಗಂಟೆಗಟ್ಟಲೆ ಬೇಯಿಸುವ ಟೆಕ್ಸಸ್‌ನ ಪದಾರ್ಥ ಇದು. 1977ರಲ್ಲಿ ಆ ರಾಜ್ಯ ಇದನ್ನು ತನ್ನ ರಾಜ್ಯಖಾದ್ಯವೆಂದು ಘೋಷಿಸಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗಸಿಗಿಂತ ಗಟ್ಟಿ, ಸುಕ್ಕಕ್ಕಿಂತ ತೆಳು, ತೆಂಗಿನಕಾಯಿ ಇಲ್ಲವೇ ಇಲ್ಲ. ಓಣಂ ಹೊತ್ತಿಗೆ ಕಚೇರಿಯಲ್ಲಿ ಅಡುಗೆ ಸ್ಪರ್ಧೆ ಇಟ್ಟಾಗ ಪಾಯಸ, ಸುಕ್ಕ, ಬಿರಿಯಾನಿಗಳ ಸಾಲಿನಲ್ಲಿ ಇದೊಂದು ಬೇರೆಯಾಗಿ ಕಾಣುತ್ತದೆ. ಪಾತ್ರೆಯ ಮುಂದಿನ ಚೀಟಿಯಲ್ಲಿ ಮಾತ್ರ ಬರೀ ‘ಚಿಲಿ’ ಎಂದು ಬರೆಯಬೇಡಿ. ಗೋಬಿ ಹುಡುಕಿಕೊಂಡು ಬಂದವರು ನಿರಾಸೆಯಿಂದ ಕಡಿಮೆ ಅಂಕ ಕೊಡುತ್ತಾರೆ.

ಹೋಲಿಕೆಗೆ ಇಟ್ಟದ್ದು ಮೂರು ಪಾತ್ರೆ. ಮಸಾಲೆ ಒಂದೇ, ಮೆಣಸಿನ ತೂಕ ಒಂದೇ. ಒಂದರಲ್ಲಿ ಆಡಿನ ಮಾಂಸ, ಇನ್ನೊಂದರಲ್ಲಿ ರಾಜ್ಮ, ಮೂರನೆಯದರಲ್ಲಿ ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮತ್ತು ಕಡಲೆ. ಒಲೆಯಿಂದ ಇಳಿಸಿದ ಕೂಡಲೇ ಒಮ್ಮೆ, ಹಾಟ್ ಕೇಸಿನಲ್ಲಿ ಮೂರು ಗಂಟೆ ಇಟ್ಟು ಒಮ್ಮೆ, ಮರುದಿನ ಬಿಸಿ ಮಾಡಿ ಒಮ್ಮೆ ರುಚಿ ನೋಡಿದ್ದಾಯಿತು. ಮೊದಲನೆಯ ರುಚಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟ ಪಾತ್ರೆಯ ಮುಚ್ಚಳ ತೆಗೆಯುವುದು ಹನ್ನೆರಡೂವರೆಗೆ. ಅಷ್ಟರಲ್ಲಿ ತಿನ್ನುವವರ ನಾಲಿಗೆ ಐದಾರು ಬಗೆ ಕಂಡಿರುತ್ತದೆ. ಒಬ್ಬೊಬ್ಬರು ಬಡಿಸಿಕೊಳ್ಳುವುದು ಎರಡು ಚಮಚ. ಆ ಎರಡು ಚಮಚಕ್ಕಾಗಿಯೇ ಅಡುಗೆ ಮಾಡಬೇಕು.

ಇಪ್ಪತ್ತೈದು ಜನರಿಗೆ ಸಣ್ಣ ಕಪ್ಪಿನಲ್ಲಿ ಕೊಡಲು ಒಂದು ಪಾತ್ರೆಗೆ ಬೇಕಾದ ಮಸಾಲೆ ಹೀಗೆ: ಬ್ಯಾಡಗಿ ಮೆಣಸು 30 ಗ್ರಾಂ, ಗುಂಟೂರು ಮೆಣಸು 4, ಒಣದ್ರಾಕ್ಷಿ 8, ನೀರುಳ್ಳಿ 250 ಗ್ರಾಂ, ಬೆಳ್ಳುಳ್ಳಿ 20 ಎಸಳು, ಟೊಮೆಟೊ 300 ಗ್ರಾಂ, ಹುರಿದು ಪುಡಿ ಮಾಡಿದ ಜೀರಿಗೆ 3 ಸಣ್ಣ ಚಮಚ, ಕೊತ್ತಂಬರಿ ಪುಡಿ 1 ದೊಡ್ಡ ಚಮಚ, ದೊಡ್ಡಪತ್ರೆ 4 ಎಲೆ, ಅಡಿಕೆ ಗಾತ್ರದ ಬೆಲ್ಲ, ಎಣ್ಣೆ 80 ಮಿಲಿ, ಉಪ್ಪು ಎರಡೂವರೆ ಸಣ್ಣ ಚಮಚದಿಂದ ಆರಂಭಿಸಿ. ಒಣದ್ರಾಕ್ಷಿ ಯಾಕೆಂದರೆ ಟೆಕ್ಸಸ್‌ನವರು ಬಳಸುವ ಆಂಚೊ ಮೆಣಸಿಗೆ ಒಣಹಣ್ಣಿನಂಥ ಮಂದ ಸಿಹಿ ಇದೆ, ಬ್ಯಾಡಗಿಗೆ ಅದಿಲ್ಲ. ಮೆಣಸಿನ ಜೊತೆಗೇ ನೆನೆಸಿ ಅರೆದರೆ ಯಾರಿಗೂ ಗುರುತು ಹತ್ತುವುದಿಲ್ಲ. ದೊಡ್ಡಪತ್ರೆ, ಅಂದರೆ ಮಲಯಾಳದವರ ಪನಿಕ್ಕೂರ್ಕ, ಒರೆಗಾನೊ ಸೊಪ್ಪಿನ ಜಾಗದಲ್ಲಿ ಬರುತ್ತದೆ. ಎರಡರ ಘಾಟೂ ಹತ್ತಿರಹತ್ತಿರ. ಅಂಗಡಿಯಲ್ಲಿ ಪಿಜ್ಜಾಕ್ಕೆಂದು ಮಾರುವ ಒಣ ಪುಡಿಗಿಂತ ಹಿತ್ತಲಿನ ಈ ನಾಲ್ಕು ಎಲೆ ಎಷ್ಟೋ ಮೇಲು. ಆರು ಎಲೆಯಾದರೆ ಕಷಾಯದ ವಾಸನೆ ಬರುತ್ತದೆ.

ಮೆಣಸಿನ ಜಗಳ

ಮೂರು ಪಾತ್ರೆಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಆಡಿನ ಪಾತ್ರೆಯಲ್ಲಿ ಮೆಣಸನ್ನು ಬದಲಿಸಿದಾಗ. ಪ್ಯಾಕೆಟಿನ ಕಾಶ್ಮೀರಿ ಪುಡಿಯಲ್ಲಿ ಬಣ್ಣ ಥಳಥಳ, ಕೆಲಸ ಹತ್ತು ನಿಮಿಷ ಕಡಿಮೆ. ಆದರೆ ಸಾರು ಮೈದಾ ಕದಡಿದ ಹಾಗೆ ನಾಲಿಗೆಗೆ ಅಂಟಿತು, ಮರುದಿನ ರುಚಿ ಏರಲಿಲ್ಲ. ಗುಂಟೂರು ಮಾತ್ರ ಹಾಕಿದ್ದರಲ್ಲಿ ಮೊದಲ ಚಮಚಕ್ಕೇ ಕಣ್ಣಲ್ಲಿ ನೀರು, ಎರಡನೆಯ ಚಮಚಕ್ಕೆ ಯಾರೂ ಕೈ ಹಾಕಲಿಲ್ಲ. ಸ್ಪರ್ಧೆಯಲ್ಲಿ ಖಾರ ಅಂದರೆ ಶೂರತನ ಎಂದುಕೊಳ್ಳುವವರು ಸೋಲುವುದು ಇಲ್ಲೇ. ಬ್ಯಾಡಗಿ ಒಂದನ್ನೇ ಹಾಕಿದರೆ ಬಣ್ಣವೂ ಪರಿಮಳವೂ ಸರಿ, ಆದರೆ ಚಿಲಿ ಎಂಬ ಹೆಸರಿಗೆ ಸಾಲದಷ್ಟು ಸಪ್ಪೆ. 30 ಗ್ರಾಂ ಬ್ಯಾಡಗಿಗೆ ನಾಲ್ಕು ಗುಂಟೂರು ಎಂಬ ಲೆಕ್ಕ ನಿಂತದ್ದು ಹೀಗೆ. ನುಂಗಿದ ಮೇಲೆ ಗಂಟಲಲ್ಲಿ ನಿಧಾನವಾಗಿ ಬಿಸಿ ಏರುತ್ತದೆ, ತುಟಿ ಉರಿಯುವುದಿಲ್ಲ.

2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ ಸಿಗುತ್ತದೆ. ಉದ್ದಕ್ಕೆ ಸುಕ್ಕುಸುಕ್ಕಾಗಿರುವುದು ಕಡ್ಡಿ, ಗಿಡ್ಡಗೆ ಉಬ್ಬಿರುವುದು ಡಬ್ಬಿ. ಬಣ್ಣಕ್ಕೆ ಡಬ್ಬಿ ಒಳ್ಳೆಯದು, ಆದರೆ ಸಿಕ್ಕಿದ್ದನ್ನು ತನ್ನಿ. ಹೊಸ ಮಾಲೇ ಎಂದು ನೋಡುವುದು ಮುಖ್ಯ. ಬಗ್ಗಿಸಿದರೆ ಚರ್ಮದ ಹಾಗೆ ಬಾಗಬೇಕು. ಪಟ್ಟೆಂದು ಮುರಿದು ಧೂಳು ಉದುರಿದರೆ ಅದು ಹಳತು, ಅರೆದರೆ ಕಂದು ಬಣ್ಣ ಬರುತ್ತದೆ.

ತೊಟ್ಟು ಮತ್ತು ಬೀಜ ತೆಗೆದು ಕಾವಲಿಯಲ್ಲಿ ಸಣ್ಣ ಉರಿಗೆ ಒಂದು ನಿಮಿಷದೊಳಗೆ ಹುರಿಯಿರಿ. ಮೆಣಸು ಉಬ್ಬಿ ಹೊಳಪು ಬಂದರೆ ಸಾಕು. ಕಪ್ಪು ಚುಕ್ಕೆ ಬಿದ್ದ ಮೂರು ಮೆಣಸು ಇಡೀ ಪಾತ್ರೆಯನ್ನು ಕಹಿ ಮಾಡಬಲ್ಲವು, ಬೆಲ್ಲ ಸುರಿದರೂ ಆ ಕಹಿ ಹೋಗುವುದಿಲ್ಲ. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನೆನೆದ ನೀರನ್ನು ಬೆರಳಲ್ಲಿ ನೆಕ್ಕಿ ನೋಡಿ. ಕಹಿಯಿದ್ದರೆ ಚೆಲ್ಲಿ ಹೊಸ ನೀರಲ್ಲಿ ಅರೆಯಿರಿ. ಮಿಕ್ಸಿಯಲ್ಲಿ ಎಷ್ಟು ನುಣ್ಣಗೆ ಅರೆದರೂ ಬ್ಯಾಡಗಿಯ ಸಿಪ್ಪೆ ಚೂರುಚೂರಾಗಿ ಉಳಿಯುತ್ತದೆ, ಜರಡಿಯಲ್ಲಿ ಸೋಸಲೇಬೇಕು. ಮನೆಯ ಊಟಕ್ಕೆ ಇಷ್ಟು ಬೇಡ, ಆದರೆ ತೀರ್ಪುಗಾರರ ಹಲ್ಲಿನ ಸಂದಿಯಲ್ಲಿ ಮೆಣಸಿನ ಸಿಪ್ಪೆ ಸಿಕ್ಕಿಕೊಳ್ಳುವುದು ಒಳ್ಳೆಯದಲ್ಲ.

ಆಡಿನ ಪಾತ್ರೆ

ಮೂಳೆಯಿಲ್ಲದ ತೊಡೆ ಅಥವಾ ಭುಜದ ಮಾಂಸ ಒಂದು ಕಿಲೋ, ಕಡಲೆಗಿಂತ ತುಸು ದೊಡ್ಡ, ಒಂದು ಸೆಂಟಿಮೀಟರ್ ಚೌಕದ ತುಂಡು. ಕೀಮಾ ಮಾಡಿಸಬೇಡಿ, ಎರಡು ಗಂಟೆ ಕುದಿದಾಗ ಅದು ಮರಳಿನ ಹಾಗಾಗುತ್ತದೆ. ಟೆಕ್ಸಸ್‌ನಲ್ಲಿ ದನದ ಮಾಂಸವೇ ರೂಢಿ, ಆದರೆ ನಮ್ಮ ಕಚೇರಿಗಳ ಮೇಜಿನ ಸುತ್ತ ಎಲ್ಲ ಬಗೆಯ ಊಟದವರೂ ಇರುತ್ತಾರಾದ್ದರಿಂದ ಆಡು ಹೆಚ್ಚು ಜನಕ್ಕೆ ಸಲ್ಲುತ್ತದೆ. ಕೋಳಿಯನ್ನೂ ನೋಡಿದ್ದಾಯಿತು: ನಲವತ್ತು ನಿಮಿಷಕ್ಕೆ ಬೆಂದುಬಿಡುತ್ತದೆ, ಮಸಾಲೆ ಪಕ್ವವಾಗುವಷ್ಟರಲ್ಲಿ ನಾರುನಾರಾಗುತ್ತದೆ. ಬೇಡ.

ತುಂಡುಗಳನ್ನು ಮೂರು ಸಲಕ್ಕೆ ಹಂಚಿ ಕಾದ ಎಣ್ಣೆಯಲ್ಲಿ ಕಂದು ಬರುವಂತೆ ಹುರಿಯಿರಿ. ಒಂದೇ ಸಲ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಕಂದಾಗುವುದಿಲ್ಲ. ರುಚಿಯ ಅರ್ಧಪಾಲು ಆ ಕಂದಿನಲ್ಲೇ ಇದೆ. ಅದೇ ಪಾತ್ರೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ, ಬಳಿಕ ಅರೆದ ಮೆಣಸು. ಮೆಣಸಿನ ಮಸಾಲೆ ಎಣ್ಣೆ ಬಿಡಲು ಏಳೆಂಟು ನಿಮಿಷ ಬೇಕು. ಆಮೇಲೆ ಟೊಮೆಟೊ, ಕೊತ್ತಂಬರಿ, ಬೆಲ್ಲ, ಜೀರಿಗೆಯ ಅರ್ಧ, ಮುಕ್ಕಾಲು ಲೀಟರ್ ಬಿಸಿನೀರು. ಸಣ್ಣ ಉರಿಯಲ್ಲಿ ಒಂದೂಮುಕ್ಕಾಲು ಗಂಟೆ. ಉಳಿದ ಜೀರಿಗೆ ಮತ್ತು ದೊಡ್ಡಪತ್ರೆಯನ್ನು ಇಳಿಸುವ ಹದಿನೈದು ನಿಮಿಷ ಮೊದಲು ಹಾಕಿ. 1967ರಿಂದ ಚಿಲಿ ಸ್ಪರ್ಧೆ ಕಂಡ ಟೆಕ್ಸಸ್‌ನ ಟರ್ಲಿಂಗ್ವಾದ ಕಡೆಯವರೂ ಮಸಾಲೆಯನ್ನು ಕಂತುಕಂತಾಗಿಯೇ ಹಾಕುತ್ತಾರೆ. ಒಂದೊಂದು ಕಂತಿಗೆ ‘ಡಂಪ್’ ಎಂದು ಹೆಸರು. ಜೀರಿಗೆಯ ಪರಿಮಳ ಎರಡು ಗಂಟೆಯ ಕುದಿಯಲ್ಲಿ ಹಾರಿಹೋಗುತ್ತದೆ ಎಂಬುದಕ್ಕೆ ನಮ್ಮ ಒಗ್ಗರಣೆಯೂ ಸಾಕ್ಷಿ.

ಇಳಿಸಿದ ಕೂಡಲೇ ಈ ಪಾತ್ರೆ ಸಾಧಾರಣ. ಮರುದಿನ ಮೂರರಲ್ಲಿ ಇದೇ ಉತ್ತಮ, ಹತ್ತಿರಕ್ಕೆ ಇನ್ನೊಂದು ಬರಲಿಲ್ಲ. ದೋಷವೆಂದರೆ ಖರ್ಚು, ಮತ್ತು ಸಸ್ಯಾಹಾರಿಗಳ ಮತ ಒಂದೂ ಬರುವುದಿಲ್ಲ ಎಂಬ ಸರಳ ಲೆಕ್ಕ.

ರಾಜ್ಮದ ಪಾತ್ರೆ

ಟೆಕ್ಸಸ್‌ನ ಕಟ್ಟಾ ಸ್ಪರ್ಧೆಗಳಲ್ಲಿ ಕಾಳು ಹಾಕುವಂತಿಲ್ಲ. ನಮ್ಮಲ್ಲಿ ಆ ನಿಯಮ ಯಾರಿಗೂ ಬೇಕಾಗಿಲ್ಲ. ರಾಜ್ಮ 450 ಗ್ರಾಂ, ಹತ್ತು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗೆ. ಚಿಕ್ಕ ಕಾಳಿಗೆ ನಾಲ್ಕು ವಿಸಿಲ್, ದೊಡ್ಡದಕ್ಕೆ ಆರು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎನ್ನುವುದು ಸುಳ್ಳು, ನೆನೆಸುವ ನೀರಿಗೇ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಹುಳಿ ಹಾಕಿದರೆ ಬೇಯುವುದಿಲ್ಲ ಎನ್ನುವುದು ಮಾತ್ರ ಪೂರಾ ನಿಜ. ಟೊಮೆಟೊದಲ್ಲಿ ಅರೆಬೆಂದ ರಾಜ್ಮ ಹಾಕಿದ ಪಾತ್ರೆ ಎರಡು ಗಂಟೆ ಕುದಿದರೂ ಕಲ್ಲುಕಲ್ಲಾಗಿಯೇ ಉಳಿಯಿತು. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಂತಾಗುವವರೆಗೆ ಮಸಾಲೆಗೆ ಸೇರಿಸಬೇಡಿ.

ಇನ್ನೊಂದು ಎಚ್ಚರ. ಇಲ್ಲಿನ ಬಹಳ ಮನೆಗಳಲ್ಲಿ ಅನ್ನಕ್ಕೆ ಥರ್ಮಲ್ ಕುಕ್ಕರ್ ಇದೆ, ಒಮ್ಮೆ ಕುದಿಸಿ ಒಳಗಿಟ್ಟರೆ ಉರಿಯಿಲ್ಲದೆ ಆ ಕಾವಿನಲ್ಲೇ ಬೇಯಿಸುವಂಥದ್ದು. ಅದರಲ್ಲಿ ಹಸಿ ರಾಜ್ಮ ಬೇಯಿಸುವ ಆಸೆ ಬೇಡ. ಹಸಿ ರಾಜ್ಮದಲ್ಲಿ ಹೊಟ್ಟೆ ಕೆಡಿಸುವ ವಿಷವೊಂದಿದೆ. ಕಡಿಮೆಯೆಂದರೆ ಹತ್ತು ನಿಮಿಷ ಚೆನ್ನಾಗಿ ಕೊತಕೊತ ಕುದಿದರಷ್ಟೇ ಅದು ಹೋಗುತ್ತದೆ. ಇಡೀ ವಿಭಾಗಕ್ಕೆ ವಾಂತಿ ಬರಿಸಿ ಗೆದ್ದವರಿಲ್ಲ. ಬೆಂದ ಪದಾರ್ಥವನ್ನು ಕಚೇರಿಗೆ ಬಿಸಿಬಿಸಿ ಒಯ್ಯಲು ಮಾತ್ರ ಅದೇ ಥರ್ಮಲ್ ಕುಕ್ಕರಿನಷ್ಟು ಒಳ್ಳೆಯದು ಬೇರೆ ಇಲ್ಲ.

ಗಟ್ಟಿ ಮಾಡಲು ಎರಡು ಸೌಟು ಬೆಂದ ಕಾಳನ್ನು ಮಸೆದು ಸೇರಿಸಿದರೆ ಸಾಕು. ಕಾರ್ನ್ ಫ್ಲೋರ್ ಹಾಕಿದ್ದು ಹೋಟೆಲಿನ ಸೂಪಿನಂತೆ ಹೊಳೆಯಿತು, ಅಕ್ಕಿಹಿಟ್ಟು ಹಾಕಿದ್ದು ಆರಿದ ಮೇಲೆ ಗಂಜಿಯಾಯಿತು. ರಾಜ್ಮ ರಾತ್ರಿಯಿಡೀ ಸಾರು ಹೀರುತ್ತದೆ, ಬೆಳಗ್ಗೆ 200 ಮಿಲಿ ಬಿಸಿನೀರೂ ಒಂದು ಚಿಟಿಕೆ ಉಪ್ಪೂ ಬೇಕಾಗುತ್ತದೆ. ರುಚಿಯಲ್ಲಿ ಇದು ಆಡಿನ ಪಾತ್ರೆಗಿಂತ ಒಂದು ಮೆಟ್ಟಿಲು ಕೆಳಗೆ. ಎಲ್ಲರೂ ಮತ ಹಾಕುವ ಸ್ಪರ್ಧೆಯಾದರೆ ಇದೇ ಮೇಲೆ.

ಉಪ್ಪುಸೊಳೆ

ಮಾಂಸದ ಕಚ್ಚು ಕೊಡುವ ತರಕಾರಿಯೆಂದರೆ ಗುಜ್ಜೆ (ಎಳೆ ಹಲಸು), ಆದರೆ ಓಣಂ ಹೊತ್ತಿಗೆ ಗುಜ್ಜೆ ಎಲ್ಲಿಂದ? ಬೇಸಗೆಯಲ್ಲಿ ಭರಣಿಗೆ ಬಿದ್ದ ಉಪ್ಪುಸೊಳೆಯೇ ಗತಿ. ಅರ್ಧ ಕಿಲೋ ಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ನಾಲ್ಕು ಸಲ ನೀರು ಬದಲಿಸಿ, ಹಿಂಡಿ, ಬೆರಳಗಲ ಹೆಚ್ಚಿ ಎಣ್ಣೆಯಲ್ಲಿ ಹುರಿಯಬೇಕು. ಪಾತ್ರೆಗೆ ಬೇರೆ ಉಪ್ಪನ್ನು ಕೊನೆಯವರೆಗೂ ಹಾಕಬಾರದು. ಸೊಳೆಯೊಳಗಿನ ಉಪ್ಪು ಕುದಿಯುತ್ತ ಕುದಿಯುತ್ತ ಹೊರಬರುತ್ತದೆ. ಜೊತೆಗೆ ಬೇರೆಯಾಗಿ ಬೇಯಿಸಿದ ಕಪ್ಪು ಕಡಲೆ 200 ಗ್ರಾಂ.

ಕಚ್ಚು ಅದ್ಭುತ. ಕಣ್ಣು ಮುಚ್ಚಿ ತಿಂದರೆ ಮಾಂಸವೋ ಎಂಬ ಅನುಮಾನ ಒಂದು ಗಳಿಗೆ ಬರುತ್ತದೆ. ಆದರೆ ಭರಣಿಯ ಹುಳಿವಾಸನೆ ಜೀರಿಗೆಯನ್ನೂ ಮೀರಿ ಎದ್ದು ನಿಲ್ಲುತ್ತದೆ. ಬದಿಯಡ್ಕ, ಪೆರ್ಲದ ಕಡೆಯವರಿಗೆ ಆ ವಾಸನೆಯೆಂದರೆ ಮಳೆಗಾಲದ ಅಜ್ಜಿಮನೆ, ಪೂರ್ತಿ ಅಂಕ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದವರಿಗೆ ಏನೋ ಹಳಸಿದೆ ಎಂಬ ಗುಮಾನಿ. ಏಳು ಭಾಷೆಯ ಊರಿನ ಕಚೇರಿಯಲ್ಲಿ ಇದು ಜೂಜು. ಮೂರು ಪಾತ್ರೆಗಳಲ್ಲಿ ತಿನ್ನಲು ಹೆಚ್ಚು ಖುಷಿ ಕೊಟ್ಟದ್ದು ಇದೇ, ಸ್ಪರ್ಧೆಗೆ ಒಯ್ಯಲು ಧೈರ್ಯ ಬಾರದ್ದೂ ಇದೇ.

ಹುಳಿ, ಎಣ್ಣೆ, ಬಡಿಸುವುದು

ಟೊಮೆಟೊ ಸಾಲದೆನಿಸಿದರೆ ಇಳಿಸಿದ ಮೇಲೆ ಅರ್ಧ ಲಿಂಬೆ. ಪುನರ್ಪುಳಿ ಸಾರಿನ ಕೆಂಪನ್ನು ನೇರಳೆಗೆ ತಿರುಗಿಸಿತು. ಮೀನಿನ ಸಾರಿಗೆ ಹಾಕುವ ಕುಡಂಪುಳಿ ಬಿದ್ದ ಪಾತ್ರೆಯನ್ನು ಮೂಸಿದವರೆಲ್ಲ ಮೀನು ಯಾವುದು ಎಂದು ಕೇಳಿದರು. ತೆಂಗಿನೆಣ್ಣೆಯಲ್ಲಿ ಮಾಡಿದ್ದು ಒಳ್ಳೆಯ ಪದಾರ್ಥವೇ, ಆದರೆ ಚಿಲಿ ಅನ್ನಿಸಲಿಲ್ಲ. ಮೇಲಾಗಿ 24 ಡಿಗ್ರಿಯ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ, ಎಸಿ ಜೋರಾಗಿರುವ ಹಾಲಿನಲ್ಲಿ ಕಪ್ಪಿನ ಅಂಚಿಗೆ ಬಿಳಿ ಕಟ್ಟೀತು. ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸರಿ.

ಖಾರ ಹೆಚ್ಚಾದರೆ ನೀರು ಸುರಿಯಬೇಡಿ. ಮೆಣಸಿನ ಖಾರ ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಕಪ್ಪಿನ ಮೇಲೆ ಅರ್ಧ ಚಮಚ ಗಟ್ಟಿ ಮೊಸರು ಇಟ್ಟರೆ ಖಾರವೂ ತಗ್ಗುತ್ತದೆ, ನೋಡಲೂ ಚೆಂದ.

ಹಿಂದಿನ ಸಂಜೆ ಮಾಡಿ, ಅಗಲ ಪಾತ್ರೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಬೆಳಗ್ಗೆ ತಳ ಕೆದಕುತ್ತ ಪೂರ್ತಿ ಕುದಿಸಿ, ಬಿಸಿನೀರಿನಿಂದ ತೊಳೆದು ಬಿಸಿಯಾದ ಹಾಟ್ ಕೇಸಿಗೆ ತುಂಬಿ. ಜೊತೆಗೆ ನೀರುದೋಸೆ ಒಯ್ದರೆ ಸಾರು ತಾಗಿದ ಕೂಡಲೇ ಹರಿಯುತ್ತದೆ, ಪುಂಡಿ (ಅಕ್ಕಿಯ ಕಡುಬು) ಎರಡು ಚಮಚದ ಕಪ್ಪಿಗೆ ದೊಡ್ಡದು. ಬೇಯಿಸಿದ ಮರಗೆಣಸಿನ ಸಣ್ಣ ತುಂಡು ಒಂದೊಂದು ಕಪ್ಪಿನ ತಳದಲ್ಲಿ ಇಟ್ಟು ಮೇಲೆ ಚಿಲಿ ಸುರಿಯಿರಿ. ಸುರಿಯುವ ಮೊದಲು ಪ್ರತಿಸಲವೂ ಸೌಟನ್ನು ತಳಮುಟ್ಟ ಆಡಿಸಿ, ಇಲ್ಲದಿದ್ದರೆ ಮೊದಲಿನವರಿಗೆ ಬರೀ ಎಣ್ಣೆ, ಕೊನೆಯ ತೀರ್ಪುಗಾರರಿಗೆ ಬರೀ ಗಟ್ಟಿ.