ಹಕ್ಕಿ ವೀಕ್ಷಣೆಗೆ ಮೊನಾಕ್ಯುಲರ್: 8×42 ಲೇಸೋ, 10×42 ಲೇಸೋ?

ಒಂದೇ ಕಣ್ಣಿನಿಂದ ನೋಡುವ ಪುಟ್ಟ ದೂರದರ್ಶಕವಾದ ಮೊನಾಕ್ಯುಲರ್ ಮೇಲಿನ ಮೊದಲ ಸಂಖ್ಯೆ ಹಕ್ಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ, ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತದೆ. ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ: 8×42ರಲ್ಲಿ 5.25 ಮಿ.ಮೀ., 10×42ರಲ್ಲಿ 4.2 ಮಿ.ಮೀ., ಜೇಬಿನಲ್ಲಿ ಹಿಡಿಯುವ 8×25ರಲ್ಲಿ ಸುಮಾರು 3.1 ಮಿ.ಮೀ. ಮಾತ್ರ.

ನಡುಹಗಲಿನಲ್ಲಿ ಕಣ್ಣಪಾಪೆಯೇ ಕಿರಿದಾಗಿರುವುದರಿಂದ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಆದರೆ ಪಶ್ಚಿಮ ಘಟ್ಟದ ಕಾಡಿನ ಮಬ್ಬಿನಲ್ಲಿ ಕದಲದೆ ಕುಳಿತ ಗಂಡು ಕಾಕರಣೆ ಹಕ್ಕಿಯ ಎದೆಯ ಬಿಳಿ ಪಟ್ಟಿ, ಅದರ ಕೆಳಗಿನ ಕಡುಗೆಂಪು ಹೊಟ್ಟೆ ಬೇರೆಬೇರೆಯಾಗಿ ಕಾಣಬೇಕಾದರೆ 8×42 ಎದ್ದು ನಿಲ್ಲುತ್ತದೆ. ಒಂದೇ ಕೈಯಲ್ಲಿ ಹಿಡಿಯುವ ಉಪಕರಣದಲ್ಲಿ, ಅದು 10×42 ಆದರೆ, ಕೈನಡುಕವೂ ಹತ್ತು ಪಟ್ಟಾಗಿ ಕಾಣುತ್ತದೆ ಎಂಬುದನ್ನು ಮರೆಯಬಾರದು. ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆಗಳ ಗೂಡು ನೋಡುವವರಿಗಂತೂ ಎಂಟೇ ಸಾಕು. ಕೆರೆಯ ಏರಿಯ ಮೇಲೆ ಟ್ರೈಪಾಡ್ ಊರಿ ದೂರದ ಬಾತುಗಳನ್ನು ಗುರುತಿಸುವವರಿಗೆ 10×42 ಒಪ್ಪುತ್ತದೆ.

ಎರಡರಲ್ಲಿ ಯಾವುದನ್ನು ಆರಿಸಿದರೂ ಬಿಎಕೆ-4 ಎಂಬ ಬಗೆಯ ಗಾಜಿನ ಪಟ್ಟಕ (ಪ್ರಿಸಂ), ಎಲ್ಲ ಗಾಜುಗಳಿಗೂ ಬಹುಪದರ ಲೇಪನ, ನೀರು ನುಗ್ಗದ ಕವಚ ಇರಲಿ. ಕನ್ನಡಕ ಧರಿಸುವವರು ಐ ರಿಲೀಫ್ (ಪೂರ್ಣ ದೃಶ್ಯ ಕಾಣಲು ಕಣ್ಣಿಗೂ ಹಿಂಬದಿಯ ಮಸೂರಕ್ಕೂ ನಡುವೆ ಇರಬಹುದಾದ ಅಂತರ) ಕನಿಷ್ಠ 15 ಮಿ.ಮೀ. ಇದೆಯೇ ಎಂದು ವಿಚಾರಿಸಬೇಕು. ಅಂಗಡಿಯಿಂದ ಹೊರಬಂದು, ಬೆಳ್ಳನೆಯ ಆಕಾಶದೆದುರಿನ ಒಣ ಕೊಂಬೆಯೊಂದನ್ನು ನೋಡಿ: ಅಂಚಿನಲ್ಲಿ ನೇರಳೆ ಗೆರೆ ದಪ್ಪವಾಗಿ ಕಂಡರೆ ಅದನ್ನು ಕೊಳ್ಳಬೇಡಿ.