ರೀಪರ್ ನಾಲ್ಕು ವರ್ಷ ಬಳಸಿದ ಮೇಲೆ: ನನ್ನ ಎಫ್ ಕೀ ಕಥೆ

ರೀಪರ್ ಅನ್ನೋ ಆಡಿಯೋ ರೆಕಾರ್ಡಿಂಗ್, ಎಡಿಟಿಂಗ್ ಸಾಫ್ಟ್‌ವೇರ್‌ನ ಫೀಚರ್ ಲಿಸ್ಟ್ ನೀವೆಲ್ಲಾ ನೋಡೇ ಇರ್ತೀರಾ, ಅದನ್ನ ಮತ್ತೆ ಬರಿಯಲ್ಲ. ವರ್ಷನ್ 6 ಇದ್ದಾಗ 60 ದಿನದ ಟ್ರಯಲ್ ಹಾಕ್ಕೊಂಡು ಆಮೇಲೆ ಲೈಸೆನ್ಸ್ ತಗೊಂಡೆ, 2023ರಲ್ಲಿ 7 ಬಂದಾಗಲೂ ಅದೇ ಲೈಸೆನ್ಸ್ ನಡೀತು. ನನ್ನಂಥ ಕೈ ಬಿಗಿ ಇರೋರಿಗೆ ಇದು ದೊಡ್ಡ ವಿಷಯ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡು, 8 ಜಿಬಿ ರ‍್ಯಾಮು, ಅದರಲ್ಲೂ ಕಣ್ಣು ಮಿಟುಕಿಸೋದ್ರೊಳಗೆ ಓಪನ್ ಆಗತ್ತೆ. ವಿನ್ಯಾಂಪ್ ಅನ್ನೋ ಮ್ಯೂಸಿಕ್ ಪ್ಲೇಯರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದ್ದೇ ಸಾಫ್ಟ್‌ವೇರ್ ಅಲ್ವಾ, ಆ ಹಗುರತನ ಇಲ್ಲೂ ಇದೆ.

ನಾನು ಜಾಸ್ತಿ ಮಾಡೋದು ವೋಕಲ್ ಎಡಿಟಿಂಗ್. ಗೆಳತಿ ಹಾಡ್ತಾಳೆ, ನಾನು ರೆಕಾರ್ಡ್ ಮಾಡಿ ಮಿಕ್ಸ್ ಮಾಡ್ತೀನಿ. ವೋಕಲ್‌ಗೆ ಕಂಪ್ರೆಸರ್ (ಜೋರು ದನಿಗೂ ಮೆಲು ದನಿಗೂ ಇರೋ ಅಂತರ ಕಮ್ಮಿ ಮಾಡೋ ಎಫೆಕ್ಟ್) ಹಾಕಿ ಲೆವೆಲ್ ಏರಿಸಿದ ತಕ್ಷಣ ಸಾಲುಗಳ ಮಧ್ಯೆ ಎಳ್ಕೊಂಡ ಉಸಿರೆಲ್ಲಾ ಎದ್ದು ಕೂರತ್ತೆ, ಒಂದು ಹಾಡಲ್ಲಿ ಐವತ್ತು ಅರವತ್ತು ಉಸಿರು ಇರತ್ತೆ, ಪ್ರತಿಯೊಂದಕ್ಕೂ ಸೆಲೆಕ್ಟ್ ಮಾಡ್ಬೇಕು, ಕಟ್ ಮಾಡ್ಬೇಕು, ವಾಲ್ಯೂಮ್ ಇಳಿಸ್ಬೇಕು, ಸೆಲೆಕ್ಷನ್ ಬಿಡಿಸ್ಬೇಕು, ಮುಂದಕ್ಕೆ ಹೋಗ್ಬೇಕು, ಹೀಗೆ ಮಾಡಿ ಮಾಡಿ ಮಣಿಕಟ್ಟು ನೋವು ಬರೋದು, ಮುಗಿಯೋಷ್ಟರಲ್ಲಿ ಮಿಕ್ಸ್ ಮಾಡೋ ಮೂಡೇ ಇರ್ತಿರಲಿಲ್ಲ.

ಆಗ ಸಿಕ್ಕಿದ್ದು ಕಸ್ಟಮ್ ಆಕ್ಷನ್, ಅಂದ್ರೆ ಹಲವು ಕೆಲಸ ಜೋಡಿಸಿ ಒಂದೇ ಕೀಗೆ ಕೊಡೋದು. ಪ್ರಶ್ನೆ ಚಿಹ್ನೆ ಒತ್ತಿದ್ರೆ ಆಕ್ಷನ್ ಲಿಸ್ಟ್ ಬರತ್ತೆ, ಸಾವಿರಾರು ಇದೆ, ಸ್ಕ್ರೋಲ್ ಮಾಡೋಕೆ ಹೋಗ್ಬೇಡಿ, ಬೇಕಾಗಿರೋ ಪದ ಟೈಪ್ ಮಾಡಿ ಹುಡುಕಿ. ಟೈಮ್ ಸೆಲೆಕ್ಷನ್ ಇರೋ ಕಡೆ ಕಟ್ ಮಾಡೋದು, ಆ ತುಂಡಿನ ವಾಲ್ಯೂಮ್ 8 ಡಿಬಿ ಇಳಿಸೋದು, ಸೆಲೆಕ್ಷನ್ ತೆಗೆಯೋದು, ಇಷ್ಟನ್ನೂ ಒಂದರ ಕೆಳಗೊಂದು ಜೋಡಿಸಿ ಎಫ್ ಕೀಗೆ ಕೊಟ್ಟೆ. ಅನ್‌ಡೂ ಪಾಯಿಂಟ್ ಒಂದೇ ಆಗ್ಲಿ ಅಂತ ಅಲ್ಲೇ ಒಂದು ಟಿಕ್ ಇದೆ, ಮರೀದೆ ಹಾಕಿ, ತಪ್ಪಾದ್ರೆ ಒಂದೇ ಸಲ ಅನ್‌ಡೂ ಸಾಕು. ಕಟ್ ಆದ ಕಡೆ ಚಿಕ್ಕ ಕ್ರಾಸ್‌ಫೇಡ್ (ಒಂದು ತುಂಡು ಇನ್ನೊಂದರೊಳಗೆ ಮೆಲ್ಲಗೆ ಬೆರೆಯೋದು) ತಾನಾಗೇ ಬೀಳೋ ಆಪ್ಷನ್ನೂ ಆನ್ ಇಟ್ಕೊಳ್ಳಿ, ಇಲ್ಲಾಂದ್ರೆ ಟಿಕ್ ಅಂತ ಕೇಳತ್ತೆ.

ಎಫ್ ಯಾಕೆ ಅಂದ್ರೆ ಆ ಕೀ ಮೇಲೆ ಉಬ್ಬಿರೋ ಸಣ್ಣ ಗೆರೆ ಇದೆಯಲ್ಲ, ಎಡಗೈ ತೋರುಬೆರಳು ನೋಡದೇನೇ ಅಲ್ಲಿ ಹೋಗಿ ಕೂರತ್ತೆ. ಬಲಗೈಲಿ ಮೌಸ್ ಎಳೆಯೋದು, ಎಡಗೈಲಿ ಎಫ್. ಎಳಿ, ಒತ್ತು, ಎಳಿ, ಒತ್ತು. ರಾತ್ರಿ ಮನೆಯವರೆಲ್ಲಾ ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಈ ಕೆಲಸಕ್ಕೆ ಕೂತ್ರೆ ಏನೋ ಒಂಥರಾ ನೆಮ್ಮದಿ. ಮುಕ್ಕಾಲು ಗಂಟೆ ಹಿಡೀತಿದ್ದಿದ್ದು ಹತ್ತು ನಿಮಿಷಕ್ಕೆ ಬಂತು.

ಅದೇ ಜೋಶಲ್ಲಿ ಪ್ರತಿ ಹಾಡಿಗೂ ರೆಡಿ ಇರ್ಲಿ ಅಂತ ನಲವತ್ತು ಟ್ರ್ಯಾಕಿನ ಟೆಂಪ್ಲೇಟ್ ಬೇರೆ ಮಾಡಿದ್ದೆ, ಅದು ಮಾತ್ರ ದಂಡ. ಇರೋ ಬರೋ ಪ್ಲಗಿನ್ (ಎಫೆಕ್ಟ್ ಸಾಫ್ಟ್‌ವೇರ್) ಎಲ್ಲಾ ಲೋಡ್ ಆಗೋವರೆಗೂ ಕಾಯ್ಬೇಕು, ಈಗ ಆರೇ ಟ್ರ್ಯಾಕ್ ಉಳಿಸ್ಕೊಂಡಿದೀನಿ.

ಆದ್ರೆ ನಿಜವಾದ ಪೆಟ್ಟು ಬಿದ್ದಿದ್ದು ಎಫ್ ಇಂದಾನೇ. ಸುಮಾರು ಒಂದು ವರ್ಷ ಆದ್ಮೇಲೆ ಒಂದು ನಿಧಾನದ ಹಾಡು, ಎಡಿಟ್ ಮಾಡಿ ಕಳಿಸ್ದೆ. ಗೆಳತಿ ಫೋನ್ ಮಾಡಿ "ಇದನ್ನ ಹಾಡಿದ್ದು ನಾನೇನಾ? ಎಲ್ಲೂ ಉಸಿರೇ ತಗೊಂಡಿಲ್ವಲ್ಲೋ" ಅಂದ್ಲು. ಮತ್ತೆ ಹಾಕಿ ಕೇಳಿದೆ. ಚರಣ ಶುರುವಾಗೋ ಮುಂಚೆ ಅವಳು ನಡುಗ್ತಾ ಎಳ್ಕೊಂಡಿದ್ದ ಒಂದು ಉಸಿರು, ಇಡೀ ಹಾಡಿನ ಜೀವ ಇದ್ದಿದ್ದೇ ಅಲ್ಲಿ, ಅದನ್ನೂ ಅಡಗಿಸಿಬಿಟ್ಟಿದ್ದೆ. ಕಿವಿಲಿ ಕೇಳಿ ಅಲ್ಲ, ಸ್ಕ್ರೀನ್ ಮೇಲೆ ದನಿ ಗೆರೆಯಾಗಿ ಕಾಣೋ ವೇವ್‌ಫಾರ್ಮಲ್ಲಿ ಸಣ್ಣ ಉಬ್ಬು ಕಂಡ ಕಡೆಯೆಲ್ಲಾ ಬೆರಳು ತಾನಾಗೇ ಒತ್ಕೊಂಡು ಹೋಗಿತ್ತು. ತುಂಬಾ ಬೇಜಾರಾಯ್ತು, ಒಂದು ವಾರ ಆ ಕೀ ಮುಟ್ಟಲಿಲ್ಲ.

ಆಮೇಲೆ ಅದೇ ಆಕ್ಷನ್‌ಗೆ ಇನ್ನೂ ಮೂರು ಸ್ಟೆಪ್ ಸೇರಿಸ್ದೆ. ಸೆಲೆಕ್ಷನ್ ತೆಗೆಯೋ ಮುಂಚೆ ಕರ್ಸರ್ ಅದರ ಶುರುವಿಗೆ ಹೋಗತ್ತೆ, ಅಲ್ಲಿಂದ ಒಂದು ಬಾರ್ (ತಾಳದ ಒಂದು ಸುತ್ತು) ಹಿಂದಕ್ಕೆ, ಕೊನೇಲಿ ಪ್ಲೇ. ಈಗ ಎಫ್ ಒತ್ತಿದ್ರೆ ಏನ್ ಮಾಡ್ದೆ ಅನ್ನೋದು ಆ ಕ್ಷಣವೇ ಕಿವಿಗೆ ಬೀಳತ್ತೆ, ಸರಿ ಅನ್ನಿಸ್ಲಿಲ್ಲ ಅಂದ್ರೆ ಅಲ್ಲೇ ಅನ್‌ಡೂ. ಅದಕ್ಕೂ ಮುಂಚೆ ಇಡೀ ಹಾಡು ಒಂದ್ಸಲ ಸ್ಕ್ರೀನ್ ನೋಡದೆ ಕೇಳ್ತೀನಿ, ಯಾವ ಉಸಿರು ಚುಚ್ಚತ್ತೋ ಅಲ್ಲಿ ಮಾತ್ರ ಎಮ್ ಒತ್ತಿ ಮಾರ್ಕರ್ ಹಾಕ್ತೀನಿ, ಕೈ ಹಾಕೋದು ಅಷ್ಟಕ್ಕೇ. ಹತ್ತು ನಿಮಿಷದ್ದು ಇಪ್ಪತ್ತು ಆಗಿದೆ, ಪರವಾಗಿಲ್ಲ.

ಮೊನ್ನೆ ಮಾಡಿದ ಹಾಡಲ್ಲಿ 62 ಉಸಿರು ಇತ್ತು. ಮಾರ್ಕರ್ ಬಿದ್ದಿದ್ದು 14ಕ್ಕೆ.