ಹಿತ್ತಿಲ ಮೀನುಕೊಳದಲ್ಲಿ ಒಂದು ಏರ್ ಪಂಪ್: ನಾಲ್ಕು ಬೇಸಿಗೆಗಳ ಬಳಕೆಯ ನಂತರ

ಹಿತ್ತಿಲಿನ ಮೀನುಕೊಳಕ್ಕೆಂದು ಕೊಂಡ ಏರ್ ಪಂಪನ್ನು ನಾಲ್ಕು ಬೇಸಿಗೆ ಪೂರ್ತಿ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೊಂಡ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದೆ; ಮೂರನೆಯ ಬೇಸಿಗೆಯ ನಡುವೆ ಬರೆದಿದ್ದರೆ ಎರಡು ಕೊಡಲೂ ಮನಸ್ಸು ಬರುತ್ತಿರಲಿಲ್ಲ. ಈಗ ನಾಲ್ಕು ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕದಲ್ಲಿ ಪಂಪಿನ ಪಾಲಿಗಿಂತ ಅದರ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಮಾತುಗಳ ಪಾಲೇ ಹೆಚ್ಚು.

ಕೊಳದ ಉದ್ದ 3 ಮೀಟರ್, ಅಗಲ 2 ಮೀಟರ್. ಆಳ ಒಂದು ತುದಿಯಲ್ಲಿ 50 ಸೆಂ.ಮೀ., ಇನ್ನೊಂದು ತುದಿಯಲ್ಲಿ 90 ಸೆಂ.ಮೀ. ಸುಮಾರು 4,000 ಲೀಟರ್ ನೀರು, ಹದಿನೆಂಟು ಗೋಲ್ಡ್‌ಫಿಶ್, ಲೆಕ್ಕವಿಲ್ಲದಷ್ಟು ಗಪ್ಪಿ, ಎರಡು ಕುಂಡ ನೈದಿಲೆ. ಪಂಪು ಡಯಾಫ್ರಾಮ್ (ಅದುರುತ್ತ ಗಾಳಿಯನ್ನು ತಳ್ಳುವ ರಬ್ಬರ್ ಪೊರೆ) ಮಾದರಿಯದು, 35 ವಾಟ್, ನಾಲ್ಕು ನಳಿಕೆ, ನಿಮಿಷಕ್ಕೆ 40 ಲೀಟರ್ ಗಾಳಿ ಎಂದು ಅದರ ಮೇಲೆ ಬರೆದಿದೆ. ಕೊಳ ಇದಕ್ಕಿಂತ ಆಳವಾಗಿದ್ದರೆ ಆ ಅಂಕಿಯನ್ನು ಹಾಗೆಯೇ ನಂಬಬಾರದು, ಏಕೆಂದರೆ ಅದು ಎದುರೊತ್ತಡವೇ ಇಲ್ಲದಾಗ ಬರುವ ಗಾಳಿಯ ಲೆಕ್ಕ; ಒಂದು ಮೀಟರ್ ನೀರು ಸುಮಾರು 10 ಕಿಲೋಪ್ಯಾಸ್ಕಲ್ ಒತ್ತಡವನ್ನು ಹೇರುವುದರಿಂದ ಆಳ ಹೆಚ್ಚಿದಂತೆ ಗುಳ್ಳೆ ಕಡಿಮೆಯಾಗುತ್ತದೆ.

ಪಂಪು ಕೊಂಡದ್ದು ಎರಡು ಮೀನುಗಳು ಸತ್ತ ಮೇಲೆ. ಅದಕ್ಕೂ ಮುನ್ನ ಬೇಸಿಗೆಯೆಂದರೆ ಮಧ್ಯಾಹ್ನದ ಬಿಸಿಲು ಎಂದೇ ತಿಳಿದಿದ್ದೆ. ನಡುಹಗಲಿನಲ್ಲಿ ಹೋಗಿ ನೋಡಿದರೆ ಮೀನುಗಳು ನೈದಿಲೆಯ ಎಲೆಯಡಿ ಆರಾಮವಾಗಿಯೇ ಇರುತ್ತಿದ್ದವು, ಆದ್ದರಿಂದ ಆತಂಕಪಡುವ ಕಾರಣ ಕಾಣಲಿಲ್ಲ. ಒಂದು ದಿನ ಬೆಳಕು ಹರಿಯುವ ಮೊದಲೇ ಎದ್ದು ಹಿತ್ತಿಲಿಗೆ ಹೋದಾಗ ಎಲ್ಲ ಮೀನುಗಳೂ ನೀರಿನ ಮೇಲ್ಮೈಗೆ ಬಾಯಿಟ್ಟು ಗಾಳಿಗಾಗಿ ಚಡಪಡಿಸುತ್ತಿದ್ದವು, ಎರಡು ಆಗಲೇ ತೇಲುತ್ತಿದ್ದವು. ಇಡೀ ದಿನದಲ್ಲಿ ನೀರು ಅತ್ಯಂತ ತಂಪಾಗಿರುವ ಹೊತ್ತಿನಲ್ಲಿ ಮೀನು ಸತ್ತದ್ದು ಏಕೆಂಬ ಪ್ರಶ್ನೆಗೆ ಉತ್ತರ ಹುಡುಕಿದ ಮೇಲೆಯೇ ಪಂಪಿನ ಅಗತ್ಯ ನಿಜವಾಗಿ ಅರ್ಥವಾದದ್ದು.

ನೀರು ಬಿಸಿಯಾದಂತೆ ಅದು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಕುಗ್ಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9.1 ಮಿ.ಗ್ರಾಂ ಹಿಡಿಸಿದರೆ 30 ಡಿಗ್ರಿಯಲ್ಲಿ 7.6 ಮಿ.ಗ್ರಾಂ ಮಾತ್ರ. ಇಳಿಕೆ ಇಷ್ಟೇ ಆಗಿದ್ದರೆ ಗೋಲ್ಡ್‌ಫಿಶ್‌ನಂಥ ಗಟ್ಟಿ ಜೀವ ತಾಳಿಕೊಳ್ಳುತ್ತಿತ್ತು. ಆದರೆ ಅದೇ ಹತ್ತು ಡಿಗ್ರಿಯ ಏರಿಕೆಗೆ ಮೀನಿನ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ತಳದ ಕೆಸರನ್ನು ಕೊಳೆಸುವ ಬ್ಯಾಕ್ಟೀರಿಯಾಗಳ ಹಸಿವೂ ಹಾಗೆಯೇ ಏರುತ್ತದೆ. ಹಗಲಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ಆಮ್ಲಜನಕವನ್ನು ಉತ್ಪಾದಿಸಿ ಈ ಕೊರತೆಯನ್ನು ಮುಚ್ಚಿಹಾಕುತ್ತವೆ. ಸೂರ್ಯ ಮುಳುಗಿದ ಮೇಲೆ ಉತ್ಪಾದನೆ ನಿಂತು, ಅವೂ ಮೀನಿನಂತೆಯೇ ಉಸಿರಾಡುತ್ತ ಆಮ್ಲಜನಕವನ್ನು ಬಳಸತೊಡಗುತ್ತವೆ. ರಾತ್ರಿಯಿಡೀ ಎಲ್ಲರೂ ಉಂಡು ಯಾರೂ ತಂದುಹಾಕದ ಮನೆಯಂತೆ, ಮುಂಜಾವಿನ ಹೊತ್ತಿಗೆ ಕಣಜ ಬರಿದಾಗಿರುತ್ತದೆ.

ಇಷ್ಟು ತಿಳಿದೂ ಮೊದಲ ಹತ್ತು ದಿನ ನಾನು ಪಂಪನ್ನು ತಲೆಕೆಳಗಾಗಿ ಬಳಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅದರ ಗುಂಯ್‌ಗುಟ್ಟುವ ಸದ್ದು ಮಲಗುವ ಕೋಣೆಗೆ ಕೇಳಿಸುತ್ತಿದ್ದುದರಿಂದ ಹಗಲೆಲ್ಲ ಓಡಿಸಿ ರಾತ್ರಿ ನಿಲ್ಲಿಸುತ್ತಿದ್ದೆ. ಆಮೇಲೆ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ತಂದು ಲೀಟರ್ ನೀರಿನಲ್ಲಿರುವ ಆಮ್ಲಜನಕವನ್ನು ಅಳೆದಾಗ ಸಂಜೆ ಐದಕ್ಕೆ 10 ಮಿ.ಗ್ರಾಂಗೂ ಹೆಚ್ಚು, ಬೆಳಗಿನ ಐದೂವರೆಗೆ 3 ಮಿ.ಗ್ರಾಂಗಿಂತ ಕಡಿಮೆ ಕಂಡಿತು. ಸಂಜೆಯ ಆ ಅಂಕಿ ಆ ಬಿಸಿಯ ನೀರು ಸಹಜವಾಗಿ ಹಿಡಿದಿಡುವುದಕ್ಕಿಂತ ಹೆಚ್ಚಿನದು. ಬಿಸಿಲಿನಲ್ಲಿ ಪಾಚಿ ಅಷ್ಟು ತುಂಬಿಸಿರುತ್ತದೆ. ಅಂಥ ಹೊತ್ತಿನಲ್ಲಿ ಗುಳ್ಳೆ ಬಿಡುವುದೆಂದರೆ ನೀರಿನಲ್ಲಿ ಮಿಕ್ಕಿರುವ ಆಮ್ಲಜನಕವನ್ನು ಗಾಳಿಗೆ ಓಡಿಸಿದಂತೆ. ಮಧ್ಯಾಹ್ನ ದುಡಿದ ಪಂಪು ಉಪಕಾರ ಮಾಡದಿದ್ದುದಷ್ಟೇ ಅಲ್ಲ, ರಾತ್ರಿಗೆ ಉಳಿಯಬೇಕಿದ್ದ ಬುತ್ತಿಯನ್ನೂ ಖಾಲಿ ಮಾಡುತ್ತಿತ್ತು. ರಾತ್ರಿಗೆ ಬದಲಿಸಿದ ಮೂರನೆಯ ಬೆಳಿಗ್ಗೆ ಅಳತೆ 5ರಿಂದ 6 ಮಿ.ಗ್ರಾಂ ನಡುವೆ ನಿಂತಿತು, ಆಮೇಲೆ ಬಾಯಿಬಿಡುವ ಮೀನನ್ನು ಆ ಬೇಸಿಗೆಯಲ್ಲಿ ಮತ್ತೆ ಕಾಣಲಿಲ್ಲ. ಸದ್ದಿನ ಸಮಸ್ಯೆಯನ್ನು ದಪ್ಪನೆಯ ರಬ್ಬರ್ ಚಾಪೆಯೊಂದು ಬಹಳಮಟ್ಟಿಗೆ ಪರಿಹರಿಸಿತು.

ಈಗ ಸೂರ್ಯಾಸ್ತದಿಂದ ಬೆಳಿಗ್ಗೆ ಒಂಬತ್ತರವರೆಗೆ ಟೈಮರ್ ಮೂಲಕ ಓಡುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಓಡಿಸಿದರೆ ದಿನಕ್ಕೆ 0.84 ಯೂನಿಟ್ ವಿದ್ಯುತ್, ಹೀಗಾದರೆ ಅರ್ಧ ಯೂನಿಟ್ಟಿನ ಆಸುಪಾಸು. ಮೋಡ ಕವಿದ ದಿನ ಮಾತ್ರ ಟೈಮರನ್ನು ಬದಿಗಿಟ್ಟು ಹಗಲೂ ಓಡಿಸುತ್ತೇನೆ, ಏಕೆಂದರೆ ಸೆಖೆ ಹಾಗೆಯೇ ಇದ್ದು ಬೆಳಕಿಲ್ಲದ ದಿನ ಪಾಚಿಯ ಉತ್ಪಾದನೆ ಕುಸಿಯುತ್ತದೆ. ಕೊಳದ ನೀರನ್ನು ಶುದ್ಧಗೊಳಿಸುವ ಫಿಲ್ಟರಿನ ಪಂಪು ಬೇರೆಯೇ ಇದೆ, ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ಎಂದೂ ನಿಲ್ಲಬಾರದು.

ಇನ್ನು ಪೆಟ್ಟಿಗೆಯ ಮಾತಿಗೆ ಬರುತ್ತೇನೆ. "ನೀರನ್ನು ತಂಪಾಗಿಡುತ್ತದೆ" ಎಂದು ಅದರ ಮೇಲೆ ದಪ್ಪಕ್ಷರದಲ್ಲಿದೆ. ಒಂದೇ ಬಗೆಯ ಎರಡು ಥರ್ಮಾಮೀಟರುಗಳನ್ನು ಇಟ್ಟು ಎರಡು ವಾರ ನೋಡಿದ್ದೇನೆ. ಪಂಪು ಓಡಿದ ದಿನಕ್ಕೂ ಓಡದ ದಿನಕ್ಕೂ ಗಮನಿಸುವಂಥ ವ್ಯತ್ಯಾಸವಿರಲಿಲ್ಲ. ಹಗಲಿನ ಬಿಸಿಗಾಳಿಯನ್ನೇ ನೀರಿಗೆ ಊದುವ ಯಂತ್ರದಿಂದ ಬೇರೇನನ್ನು ನಿರೀಕ್ಷಿಸಲಾದೀತು? ನೀರನ್ನು ತಂಪಾಗಿಟ್ಟದ್ದು ನೆರಳು. ಕೊಳದ ಪಶ್ಚಿಮದ ಅರ್ಧಕ್ಕೆ 50 ಪ್ರತಿಶತದ ಶೇಡ್ ನೆಟ್ಟನ್ನು ನೀರಿನಿಂದ ಒಂದು ಮೀಟರಿಗೂ ಎತ್ತರದಲ್ಲಿ, ಗಾಳಿ ಆಡುವಂತೆ ಕಟ್ಟಿದ ಮೇಲೆ ಮಧ್ಯಾಹ್ನದ ಗರಿಷ್ಠ ಉಷ್ಣತೆ 34 ಡಿಗ್ರಿಯಿಂದ 31ಕ್ಕೆ ಇಳಿಯಿತು. ನೈದಿಲೆಯ ಎಲೆಗಳು ಮೇಲ್ಮೈಯ ಅರ್ಧದಷ್ಟನ್ನು ಮುಚ್ಚಿರುವುದೂ ಒಳ್ಳೆಯದೇ, ಆದರೆ ಪೂರ್ತಿ ಹರಡಲು ಬಿಟ್ಟರೆ ಗಾಳಿಗೂ ನೀರಿಗೂ ನಡುವಿನ ಬಾಗಿಲೇ ಮುಚ್ಚಿದಂತಾಗುತ್ತದೆ. ಹಸಿರು ಕಾಳಿನಂತೆ ತೇಲುತ್ತ ರಾತ್ರೋರಾತ್ರಿ ಹಬ್ಬುವ ಪುಟ್ಟ ಸಸ್ಯದ ವಿಷಯದಲ್ಲಂತೂ ಕರುಣೆ ತೋರದೆ ವಾರಕ್ಕೊಮ್ಮೆ ಬಲೆಯಿಂದ ಬಾಚಿ ತೆಗೆಯುತ್ತೇನೆ. ಐಸ್ ಗಡ್ಡೆ ಹಾಕುವ ಸಲಹೆಯನ್ನು ಅನೇಕರು ಕೊಟ್ಟಿದ್ದಾರೆ; ಉಷ್ಣತೆಯ ಹಠಾತ್ ಏರಿಳಿತ ಬಿಸಿ ನೀರಿಗಿಂತ ಮೀನಿಗೆ ಹೆಚ್ಚು ಕೇಡು ಮಾಡುವುದರಿಂದ ಆ ದಾರಿಗೆ ಹೋಗಿಲ್ಲ.

ಜೋಡಿಸುವಾಗ ಮಾಡಿದ ತಪ್ಪೊಂದು ಎರಡನೆಯ ಬೇಸಿಗೆಯಲ್ಲಿ ದುಬಾರಿಯಾಗಬಹುದಿತ್ತು. ಪಂಪನ್ನು ಕೊಳದ ನೀರಿನ ಮಟ್ಟಕ್ಕಿಂತ ಕೆಳಗೆ, ಗೋಡೆಯ ಬುಡದಲ್ಲಿ ಇಟ್ಟಿದ್ದೆ. ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿನೊಳಗೆ ನುಗ್ಗಿತು. ಅದನ್ನು ತಡೆಯಬೇಕಿದ್ದ ಪುಟ್ಟ ಪ್ಲಾಸ್ಟಿಕ್ ಕವಾಟ ಪಂಪಿನ ಜೊತೆಯಲ್ಲೇ ಬಂದಿತ್ತಾದರೂ ಒಂದೇ ವರ್ಷದಲ್ಲಿ ಸೆಟೆದುಕೊಂಡಿತ್ತು. ಪುಣ್ಯಕ್ಕೆ, ವಿದ್ಯುತ್ ಸೋರಿಕೆ ಕಂಡರೆ 30 ಮಿಲಿಆಂಪಿಯರ್‌ಗೇ ಕಡಿತಗೊಳ್ಳುವ ಸ್ವಿಚ್ಚಿನ ಹಿಂದೆ ಸಂಪರ್ಕ ಕೊಟ್ಟಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಅಂದಿನಿಂದ ಪಂಪು ನೀರಿನ ಮಟ್ಟಕ್ಕಿಂತ ಒಂದು ಅಡಿ ಎತ್ತರದ ಕಟ್ಟೆಯ ಮೇಲಿದೆ. ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ಈ ಎಚ್ಚರಿಕೆ ಇರುವುದನ್ನು ಆಮೇಲೆ ನೋಡಿದೆ. ಮೊದಲ ಪುಟದಲ್ಲಿ ಇರಬೇಕಾದ ಮಾತದು.

ಮೂರನೆಯ ಬೇಸಿಗೆಯ ದೂರು ಪಂಪಿನ ಮೇಲೆಯೇ. ಗುಳ್ಳೆಗಳು ಒಮ್ಮೆಲೇ ನಿಂತಿದ್ದರೆ ಗೊತ್ತಾಗುತ್ತಿತ್ತು. ವಾರದಿಂದ ವಾರಕ್ಕೆ ತುಸುತುಸುವೇ ಕಡಿಮೆಯಾದದ್ದರಿಂದ ಕಣ್ಣು ಅದಕ್ಕೆ ಒಗ್ಗಿಹೋಗಿತ್ತು. ಮೊದಲು ಏರ್ ಸ್ಟೋನ್‌ಗಳನ್ನು, ಅಂದರೆ ಕೊಳವೆಯ ತುದಿಯಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿಸುವ ರಂಧ್ರಭರಿತ ಕಲ್ಲುಗಳನ್ನು, ಶಂಕಿಸಿದೆ, ಏಕೆಂದರೆ ಗಡಸು ನೀರಿನಲ್ಲಿ ಅವುಗಳ ರಂಧ್ರಗಳಿಗೆ ಸುಣ್ಣದಂಶ ಕಟ್ಟಿಕೊಳ್ಳುತ್ತದೆ. ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ ಚೆನ್ನಾಗಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತವೆ. ಈ ಸಲ ಸರಿಹೋಗಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಎರಡು ರಬ್ಬರ್ ಡಯಾಫ್ರಾಮ್‌ಗಳಲ್ಲಿ ಒಂದು ಸೀಳಿತ್ತು. ಮಳೆಯಿಂದ ಕಾಪಾಡಲೆಂದು ಪಂಪಿನ ಮೇಲೆ ತಗಡಿನ ಡಬ್ಬಿಯನ್ನು ಕವುಚಿದ್ದವನು ನಾನೇ. ಬಿಸಿಲಿನಲ್ಲಿ ಆ ಡಬ್ಬಿ ಒಲೆಯಂತೆ ಕಾದು ರಬ್ಬರನ್ನು ಬೇಗ ಒಣಗಿಸಿತ್ತು. ಆದರೆ ಬಿಡಿಭಾಗಕ್ಕಾಗಿ ಮಾರಾಟಗಾರರು ಮೂರು ವಾರ ಕಾಯಿಸಿದ್ದಕ್ಕೆ ನಾನು ಹೊಣೆಯಲ್ಲ. ಆ ಮೂರು ವಾರ ಫಿಲ್ಟರಿನಿಂದ ಮರಳುವ ನೀರನ್ನು ಅರ್ಧ ಮೀಟರ್ ಎತ್ತರದಿಂದ ಧುಮುಕುವಂತೆ ಮಾಡಿ ಕಾಲ ತಳ್ಳಿದೆ. ಅದು ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡಿತು ಎಂಬುದು ಪಂಪಿನ ವಿಮರ್ಶೆಯಲ್ಲಿ ಹೇಳಬೇಕಾದ ಮಾತೇ: ಆಮ್ಲಜನಕದ ಬಹುಪಾಲು ಗುಳ್ಳೆಯೊಳಗಿನಿಂದಲ್ಲ, ಕದಡಿದ ಮೇಲ್ಮೈಯಿಂದ ನೀರಿಗಿಳಿಯುತ್ತದೆ. ಗುಳ್ಳೆಗಳ ನಿಜವಾದ ಕೆಲಸ ತಳದ ನೀರನ್ನು ಮೇಲಕ್ಕೆ ಎತ್ತಿ ತರುವುದು. ಹಾಗಾಗಿಯೇ ನಾಲ್ಕು ಕಲ್ಲುಗಳನ್ನು ಒಂದೇ ಕಡೆ ಗುಂಪಾಗಿಸದೆ ದೂರದೂರ ಇಟ್ಟಿದ್ದೇನೆ, ಕೆಸರು ಏಳದಂತೆ ತಳದಿಂದ ಒಂದು ಗೇಣು ಮೇಲೆ. ಬಹುಕಾಲ ಅಲುಗಾಡದ ಆಳದ ಕೊಳವಾದರೆ ಮೊದಲ ದಿನವೇ ಪೂರ್ತಿ ಓಡಿಸಬಾರದು. ತಳದಲ್ಲಿ ನಿಂತಿರುವ ಆಮ್ಲಜನಕವಿಲ್ಲದ ನೀರು ಒಮ್ಮೆಲೇ ಮೇಲಿನದರೊಂದಿಗೆ ಬೆರೆತರೆ ಮೀನುಗಳಿಗೆ ಉಸಿರುಕಟ್ಟುತ್ತದೆ.

ಪಂಪು ಮಾಡಲಾರದ ಕೆಲಸಗಳೂ ಇವೆ, ಅವು ಬೇಸಿಗೆಯಲ್ಲೇ ಹೆಚ್ಚು. ನನ್ನ ಕೊಳದಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 60 ಲೀಟರ್ ಆವಿಯಾಯಿತೆಂದು ಅರ್ಥ. ಆವಿಯಾಗುವುದು ಬರೀ ನೀರು, ಲವಣಗಳೂ ಕೊಳೆಯೂ ಉಳಿಯುತ್ತವೆ; ಆದ್ದರಿಂದ ಕಡಿಮೆಯಾದಷ್ಟನ್ನು ತುಂಬಿಸಿದರೆ ಸಾಲದು, ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ತೆಗೆದು ಹೊಸದನ್ನು ಬಿಡಬೇಕು, ಅದೂ ಬೆಳಗಿನ ಹೊತ್ತು, ನಿಧಾನವಾಗಿ. ನಲ್ಲಿ ನೀರಿನ ಕ್ಲೋರಿನ್ ತೆರೆದಿಟ್ಟರೆ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ, ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸೋಂಕುನಾಶಕ) ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ಕ್ಲೋರಮಿನ್ ನಿವಾರಕ ದ್ರಾವಣವೇ ಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಅಮೋನಿಯಾ. ಒಟ್ಟು ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು 25 ಡಿಗ್ರಿಯಲ್ಲಿ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) 8 ಇದ್ದಾಗ ಶೇ. 5ರಷ್ಟಿದ್ದರೆ, ಪಿಎಚ್ 9ಕ್ಕೆ ಏರಿದಾಗ ಶೇ. 35ನ್ನು ದಾಟುತ್ತದೆ, ಮತ್ತು ಹಸಿರುಗಟ್ಟಿದ ನೀರಿನಲ್ಲಿ ಬೇಸಿಗೆಯ ಮಧ್ಯಾಹ್ನ ಪಿಎಚ್ ಅಷ್ಟು ಏರುವುದು ಅಪರೂಪವಲ್ಲ. ಪಂಪು ಇದಕ್ಕೆ ನೇರ ಮದ್ದಲ್ಲ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಒದಗಿಸುವ ಮಟ್ಟಿಗೆ ಸಹಾಯಕ. ಮದ್ದು ನಮ್ಮ ಕೈಯಲ್ಲೇ ಇದೆ: ಆಹಾರವನ್ನು ಕಡಿಮೆ ಮಾಡುವುದು. 30 ಡಿಗ್ರಿ ದಾಟಿದ ದಿನಗಳಲ್ಲಿ ಎಂದಿನ ಅರ್ಧದಷ್ಟನ್ನು ಮಾತ್ರ, ಆಮ್ಲಜನಕ ಚೇತರಿಸಿಕೊಂಡಿರುವ ಹತ್ತು ಗಂಟೆಯ ಸುಮಾರಿಗೆ ಹಾಕುತ್ತೇನೆ.

ಪಾಚಿನಾಶಕವನ್ನು ಒಂದೇ ಸಲ ಹಾಕಿದ್ದೇನೆ, ಇನ್ನೆಂದೂ ಹಾಕುವುದಿಲ್ಲ. ಸತ್ತ ಪಾಚಿಯೆಲ್ಲ ಒಟ್ಟಿಗೆ ಕೊಳೆಯತೊಡಗಿ, ಪಂಪು ಹಗಲಿರುಳು ಓಡಿದರೂ ಮೀನುಗಳು ಎರಡು ದಿನ ಮೇಲ್ಮೈ ಬಿಟ್ಟು ಕದಲಲಿಲ್ಲ.

ಕೊಳ್ಳುವವರಿಗೆ ಹೇಳುವುದಾದರೆ, ಇದೇ ಮಾದರಿಯನ್ನು ಮತ್ತೆ ಕೊಳ್ಳಲು ನನಗೆ ಅಡ್ಡಿಯಿಲ್ಲ, ಆದರೆ ಪಂಪಿನ ಜೊತೆಯಲ್ಲೇ ಒಂದು ಜೊತೆ ಡಯಾಫ್ರಾಮ್ ಮತ್ತು ಗಟ್ಟಿಯಾದ ಕವಾಟ ಸಿಗುವ ಕಡೆ ಮಾತ್ರ. ಕರೆಂಟು ಹೋಗುವ ರಾತ್ರಿಗಳಿಗೆಂದು ಬ್ಯಾಟರಿಯ ಚಿಕ್ಕ ಪಂಪೊಂದು ಕಟ್ಟೆಯ ಪಕ್ಕದಲ್ಲಿದೆ, ಇದುವರೆಗೆ ಐದಾರು ಸಲ ಕೆಲಸಕ್ಕೆ ಬಂದಿದೆ. ತಗಡಿನ ಡಬ್ಬಿಯನ್ನು ತೆಗೆದು ನಾಲ್ಕೂ ಕಡೆ ಗಾಳಿಯಾಡುವ ಮರದ ಗೂಡು ಮಾಡಿದ್ದೇನೆ. ಈ ಬೇಸಿಗೆ ಕಾಲಿಡುವ ಮೊದಲೇ, ಪಂಪು ಚೆನ್ನಾಗಿ ಓಡುತ್ತಿದ್ದಾಗಲೇ, ಡಯಾಫ್ರಾಮ್‌ಗಳನ್ನು ಬದಲಿಸಿದೆ. ತೆಗೆದ ಹಳೆಯವುಗಳಲ್ಲಿ ಬರಿಗಣ್ಣಿಗೆ ಬಿರುಕು ಕಾಣುತ್ತಿರಲಿಲ್ಲ, ಬೆರಳಿನಿಂದ ಮಡಿಸಿದಾಗ ಮಾತ್ರ ಮಡಿಕೆಯುದ್ದಕ್ಕೂ ಕೂದಲೆಳೆಯಂಥ ಗೆರೆಗಳು ಎದ್ದವು.